ಥಾಯ್ಲೆಂಡಿನ ನರ್ಸರಿಯಲ್ಲಿ ಇಂಗ್ಲಿಷ್ ಟೀಚರ್ ಕೆಲಸ: ಹೋಗಿ ಬಂದವರು ದಯವಿಟ್ಟು ಹೇಳಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಒಂದು ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಬಿಎ, ಬಿಎಡ್ ಆಗಿದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲೇ ಓದಿದ್ದು. ಥಾಯ್ಲೆಂಡಿನ ಕಿಂಡರ್‌ಗಾರ್ಟನ್‌ಗಳಿಗೆ ಇಂಗ್ಲಿಷ್ ಟೀಚರ್ ಬೇಕಾಗಿದ್ದಾರೆ ಅಂತ ಬೆಂಗಳೂರಿನ ಒಬ್ಬ ಏಜೆಂಟ್ ಹೇಳುತ್ತಿದ್ದಾರೆ. ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಈಗ ಟೂರಿಸ್ಟ್ ಆಗಿ ಹೋಗಿಬಿಡಿ, ಅಲ್ಲಿ ಇಳಿದ ಮೇಲೆ ಶಾಲೆಯವರೇ ವೀಸಾ ಬದಲಾಯಿಸಿಕೊಡುತ್ತಾರೆ ಅನ್ನುತ್ತಾರೆ. ಯಾವ ಶಾಲೆ ಅಂತ ಕೇಳಿದರೆ "ಮೊದಲು ಅಡ್ವಾನ್ಸ್ ಹಾಕಿ ಮೇಡಂ, ಆಮೇಲೆ ಹೇಳ್ತೀವಿ" ಅಂತ ಉತ್ತರ.

ಇದು ಸರಿಯಾದ ದಾರಿಯಾ? ಇದು ಮೊದಲನೇ ಪ್ರಶ್ನೆ. ಎರಡನೆಯದು ನನ್ನನ್ನು ಜಾಸ್ತಿ ಕಾಡುತ್ತಿದೆ. ಅಮೆರಿಕದವರು, ಇಂಗ್ಲೆಂಡಿನವರು ಸಿಗುವಾಗ ಕನ್ನಡ ಮೀಡಿಯಂನಲ್ಲಿ ಓದಿದ ನಾನು ಅಲ್ಲಿನ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು ಸರಿಯಾ? ಆ ಮಕ್ಕಳಿಗೆ ಅನ್ಯಾಯ ಆಗುವುದಿಲ್ವಾ?

ಚಿಯಾಂಗ್‌ಮಾಯ್ ಟೀಚರ್

ಮೇಡಂ, ಮೊದಲು ಒಂದು ಮಾತು: ಆ ಏಜೆಂಟಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಾನು ಚಿಯಾಂಗ್‌ಮಾಯ್‌ನ ಒಂದು ಕಿಂಡರ್‌ಗಾರ್ಟನ್‌ನಲ್ಲಿ ಕೆಲಸ ಮಾಡುತ್ತೇನೆ. ಊರು ದಾವಣಗೆರೆ. ಇಲ್ಲಿ ಪಾಠ ಮಾಡಲು ನಾನ್-ಇಮಿಗ್ರೆಂಟ್ ಬಿ ವೀಸಾ ಬೇಕು, ಅದಕ್ಕೆ ಶಾಲೆಯೇ ಪತ್ರಗಳನ್ನು ಕಳಿಸಬೇಕು. ಆಮೇಲೆ ವರ್ಕ್ ಪರ್ಮಿಟ್. ಇದರ ಜೊತೆಗೆ ಕುರುಸಫಾ ಅಂತ ಒಂದು ಶಿಕ್ಷಕರ ಮಂಡಳಿ ಇದೆ, ಅದರ ಲೈಸೆನ್ಸ್ ಇರಬೇಕು, ಇಲ್ಲವೇ ತಾತ್ಕಾಲಿಕ ಅನುಮತಿ ಸಿಗಬೇಕು. ನಿಮಗೆ ಬಿಎಡ್ ಇದೆಯಲ್ಲ, ಅದು ಇಲ್ಲಿ ದೊಡ್ಡ ಅನುಕೂಲ. ಬೇರೆ ಡಿಗ್ರಿ ಇಟ್ಟುಕೊಂಡು ಬಂದ ಎಷ್ಟೋ ಬಿಳಿಯರು ತಾತ್ಕಾಲಿಕ ಅನುಮತಿಯನ್ನು ಮತ್ತೆ ಮತ್ತೆ ಕೇಳಿಕೊಂಡು ಒದ್ದಾಡುತ್ತಾರೆ. ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಟೋಯಿಕ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 600 ಅಂಕ ಕೇಳುತ್ತಾರೆ. ನೀವು ಸ್ವಲ್ಪ ಓದಿಕೊಂಡರೆ ಅದು ಕಷ್ಟವಲ್ಲ.

ಟೂರಿಸ್ಟ್ ಆಗಿ ಬಂದು ದೇಶದೊಳಗೇ ವೀಸಾ ಬದಲಾಯಿಸುವ ದಾರಿ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ವರ್ಕ್ ಪರ್ಮಿಟ್ ಕೈಗೆ ಬರುವ ತನಕ ಪಾಠ ಮಾಡುವುದು ಕಾನೂನಿಗೆ ವಿರುದ್ಧ. ಏಜೆಂಟರು ಇದನ್ನು ಮಾತ್ರ ಹೇಳುವುದಿಲ್ಲ. "ಪೇಪರ್ ಬರ್ತಾ ಇದೆ" ಅಂತ ತಿಂಗಳುಗಟ್ಟಲೆ ದುಡಿಸಿಕೊಳ್ಳುತ್ತಾರೆ. ಸಂಬಳ ತಡವಾದರೆ ನೀವು ಯಾರ ಹತ್ತಿರವೂ ದೂರು ಕೊಡುವ ಹಾಗಿಲ್ಲ, ಯಾಕಂದ್ರೆ ಕಾಗದದ ಪ್ರಕಾರ ನೀವು ಅಲ್ಲಿ ಕೆಲಸವನ್ನೇ ಮಾಡುತ್ತಿಲ್ಲ.

ಎರಡನೇ ಪ್ರಶ್ನೆಗೆ ಸಂಜೆ ಕೂತು ಬರೆಯುತ್ತೇನೆ.

ಗಡಿಬಿಡಿ ಇಲ್ಲದವ

ಮೇಲಿನ ಮಾತಿಗೆ ಇನ್ನೊಂದು ಸೇರಿಸಲೇಬೇಕು. "ಥಾಯ್ಲೆಂಡಿನಲ್ಲಿ ಕೆಲಸ, ಈಗ ಟೂರಿಸ್ಟ್ ಆಗಿ ಬನ್ನಿ" ಅನ್ನುವ ಮಾತು ಕೇಳಿದರೆ ಸಾಕು, ನನಗೆ ಮ್ಯಾವಡಿ ನೆನಪಾಗುತ್ತೆ. 2022ರಲ್ಲಿ ಭಾರತದ ಎಷ್ಟೋ ಹುಡುಗರನ್ನು ಥಾಯ್ಲೆಂಡಿನಲ್ಲಿ ಐಟಿ ಕೆಲಸ ಅಂತ ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡಿಗೆ ಸಾಗಿಸಿ, ಆನ್‌ಲೈನ್ ವಂಚನೆ ಮಾಡುವ ಕೆಲಸಕ್ಕೆ ಹಚ್ಚಿದ್ದರು. ನಮ್ಮ ವಿದೇಶಾಂಗ ಇಲಾಖೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಎಚ್ಚರಿಕೆ ಕೊಟ್ಟಿತ್ತು. 2023ರ ನವೆಂಬರಿನಿಂದ ಭಾರತೀಯರು ವೀಸಾ ಇಲ್ಲದೆ ಪ್ರವಾಸ ಹೋಗಬಹುದು ಅಂತ ಆದ ಮೇಲಂತೂ ಇಂಥವರಿಗೆ ಇನ್ನೂ ಸುಲಭವಾಯಿತು.

ಟೀಚರ್ ಕೆಲಸ ಅಂದವರೆಲ್ಲ ಮೋಸಗಾರರು ಅಂತ ಅಲ್ಲ. ಆದರೆ ಶಾಲೆಯ ಹೆಸರು ಹೇಳದವರನ್ನು ನಂಬುವುದು ಹೇಗೆ? ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಇವರ ಹೆಸರು ಇದೆಯಾ ನೋಡಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಶುಲ್ಕದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಒಂದೂವರೆ ಲಕ್ಷ ಎಲ್ಲಿಂದ ಬಂತು ಅಂತ ಅವರನ್ನೇ ಕೇಳಿ.

ಸೋಲ್‌ನಿಂದ

ಥಾಯ್ಲೆಂಡ್ ಬಿಟ್ಟು ಬೇರೆ ಕಡೆ ನೋಡುವವರಿಗೆ ಒಂದೆರಡು ಮಾಹಿತಿ. ನಾನು ಗಂಡನ ಕೆಲಸದಿಂದಾಗಿ ಕೊರಿಯಾದಲ್ಲಿದ್ದೇನೆ. ಇಲ್ಲಿ ಬೀದಿಗೊಂದು ಹಗ್ವಾನ್, ಅಂದರೆ ಟ್ಯೂಷನ್ ಅಕಾಡೆಮಿ. ಪುಟ್ಟ ಮಕ್ಕಳ ಇಂಗ್ಲಿಷ್ ಕಿಂಡರ್‌ಗಾರ್ಟನ್‌ಗಳೂ ಬೇಕಾದಷ್ಟಿವೆ. ಆದರೆ ಇಂಗ್ಲಿಷ್ ಕಲಿಸಲು ಇ-2 ವೀಸಾ ಸಿಗುವುದು ಏಳು ದೇಶದವರಿಗೆ: ಅಮೆರಿಕ, ಇಂಗ್ಲೆಂಡ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಅಲ್ಲೇ ಹುಟ್ಟಿ ಬೆಳೆದ ಹುಡುಗ ಯಾವ ಡಿಗ್ರಿ ಮಾಡಿದ್ದರೂ ಬರಬಹುದು, ಮಕ್ಕಳ ಮುಖವನ್ನೇ ನೋಡದಿದ್ದರೂ ನಡೆಯುತ್ತೆ. ನನ್ನಂಥವಳು ಎಂಎ ಇಂಗ್ಲಿಷ್ ಮಾಡಿ ಹತ್ತು ವರ್ಷ ಪಾಠ ಮಾಡಿದ್ದರೂ ಹಗ್ವಾನ್ ಒಳಗೆ ಹೋಗಲಾರೆ. ಇದು ನನಗೆ ಇವತ್ತಿಗೂ ಸಿಟ್ಟು ಬರಿಸುವ ವಿಷಯ.

ಒಂದು ಕಿಂಡಿ ಇದೆ. ಭಾರತ ಮತ್ತು ಕೊರಿಯಾ ಮಧ್ಯೆ 2010ರ ಜನವರಿ 1ರಿಂದ ಜಾರಿಗೆ ಬಂದ ವ್ಯಾಪಾರ ಒಪ್ಪಂದದಲ್ಲಿ, ಶಿಕ್ಷಕರ ಅರ್ಹತೆ ಇರುವ ಭಾರತೀಯರು ಇಲ್ಲಿನ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಬಹುದು ಅಂತ ಇದೆ. ಕಾಗದದ ಮೇಲೆ ಇದೆ. ಆ ದಾರಿಯಲ್ಲಿ ಬಂದ ಒಬ್ಬರೂ ನನಗೆ ಸಿಕ್ಕಿಲ್ಲ. ತುಂಗಾತೀರ ಮೇಡಂ, ಆ ಲೆಕ್ಕದಲ್ಲಿ ಥಾಯ್ಲೆಂಡ್ ಎಷ್ಟೋ ವಾಸಿ.

ಚಿಯಾಂಗ್‌ಮಾಯ್ ಟೀಚರ್

ಹೇಳಿದ ಹಾಗೆ ಎರಡನೇ ಪ್ರಶ್ನೆಗೆ ಬಂದೆ. ಸ್ವಲ್ಪ ಉದ್ದ ಆಗುತ್ತೆ.

ಇಲ್ಲಿ ಕಿಂಡರ್‌ಗಾರ್ಟನ್‌ಗೆ ಅನುಬಾನ್ ಅನ್ನುತ್ತಾರೆ. 3ರಿಂದ 6 ವರ್ಷದ ಮಕ್ಕಳು. ಬೆಳಿಗ್ಗೆ 8ಕ್ಕೆ ಬಾವುಟ ಏರಿಸಿ ರಾಷ್ಟ್ರಗೀತೆ, ಆಮೇಲೆ ಚಪ್ಪಲಿ ಹೊರಗೆ ಬಿಟ್ಟು ಕ್ಲಾಸಿಗೆ. ಊಟ ಆದ ಮೇಲೆ ಎಲ್ಲರೂ ಹಾಸಿಗೆ ಹಾಕಿಕೊಂಡು ಸಾಲಾಗಿ ಮಲಗುತ್ತಾರೆ. ಕ್ಲಾಸಿನಲ್ಲಿ ನನ್ನ ಜೊತೆ ಒಬ್ಬ ಥಾಯ್ ಟೀಚರ್ ಇರುತ್ತಾರೆ. ಮಗು ಅತ್ತರೆ, ಬಿದ್ದರೆ, ಜ್ವರ ಬಂದರೆ ಅವರೇ ದಿಕ್ಕು. ಅವರನ್ನು ಚೆನ್ನಾಗಿ ಇಟ್ಟುಕೊಳ್ಳಿ, ಅರ್ಧ ಕೆಲಸ ಆದ ಹಾಗೆ.

ಇಲ್ಲಿನ ಮಕ್ಕಳಿಗೆ ಮನೆಯಲ್ಲಿ ಕರೆಯುವ ಒಂದು ಚಿಕ್ಕ ಹೆಸರು ಇರುತ್ತೆ, ಶಾಲೆಯಲ್ಲೂ ಅದನ್ನೇ ಕರೆಯುವುದು. ಎಷ್ಟೋ ಸಲ ಅದು ಇಂಗ್ಲಿಷ್ ಪದವೇ ಆಗಿರುತ್ತೆ: ಬ್ಯಾಂಕ್, ಗಾಲ್ಫ್, ಐಸ್. ನನ್ನ ಕ್ಲಾಸಿನಲ್ಲೂ ಒಬ್ಬ ಐಸ್ ಇದ್ದ. ಅವನು ತನ್ನ ಹೆಸರನ್ನು "ಐ" ಅನ್ನುತ್ತಿದ್ದ, ಅವನ ಅಮ್ಮನೂ ಹಾಗೇ ಕರೆಯುತ್ತಿದ್ದಳು. ಥಾಯ್ ಭಾಷೆಯಲ್ಲಿ ಯಾವ ಪದವೂ ಸ್ ಅಥವಾ ಲ್ ಸದ್ದಿನಲ್ಲಿ ಮುಗಿಯುವುದಿಲ್ಲ. ಹಾಗಾಗಿ ಹೌಸ್ ಅನ್ನುವುದು ಹೌ ಆಗುತ್ತೆ, ಬಾಲ್ ಅನ್ನುವುದು ಬಾನ್ ಆಗುತ್ತೆ, ಸ್ಕೂಲ್ ಅನ್ನುವುದು ಸಕೂನ್. ಅಮೆರಿಕದಿಂದ ಬಂದ ನಮ್ಮ ಸಹೋದ್ಯೋಗಿ ಒಬ್ಬ ಒಳ್ಳೆಯ ಹುಡುಗ, ಶ್ರದ್ಧೆಯಿಂದ "ಐಸ್, ಐಸ್" ಅಂತ ಹತ್ತು ಸಲ ಹೇಳುತ್ತಿದ್ದ, ಆ ಮಗು ಶ್ರದ್ಧೆಯಿಂದ "ಐ, ಐ" ಅಂತ ಹತ್ತು ಸಲ ಹೇಳುತ್ತಿತ್ತು. ಮಗು ಯಾಕೆ ಹಾಗೆ ಹೇಳುತ್ತೆ ಅಂತ ಅವನಿಗೆ ಗೊತ್ತಾಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಬಾಯಿಗೆ ಬಂದ ಭಾಷೆ, ಎಲ್ಲಿ ತೊಡಕು ಅಂತ ಅವನು ಯೋಚನೆಯನ್ನೇ ಮಾಡಿದವನಲ್ಲ.

ನಮಗೆ ಅದು ಗೊತ್ತು. ಅವರು ಕೊನೆಯ ಸದ್ದು ನುಂಗುತ್ತಾರೆ, ನಾವು ಕೊನೆಗೆ ಒಂದು ಉಕಾರ ಸೇರಿಸುತ್ತೇವೆ. ಬಸ್ಸು, ಕಾರು, ಸ್ಕೂಲು. ಆ ಉಕಾರ ಬಿಡುವುದನ್ನು ನಾವು ಕಲಿತಿದ್ದೇವೆ, ಕಲಿತ ದಾರಿ ನೆನಪಿದೆ. ಐಸ್‌ನ ಅಂಗೈಯನ್ನು ಅವನ ಬಾಯಿಯ ಮುಂದೆ ಹಿಡಿಸಿ, ಹಾವಿನ ಹಾಗೆ ಸ್‌ಸ್‌ಸ್ ಅನ್ನಿಸಿದೆ. ಅಂಗೈಗೆ ಗಾಳಿ ತಾಗಿತು, ಅವನಿಗೆ ಆಟ ಆಯಿತು. ಮೊದಲು ಬರೀ ಹಾವು. ಆಮೇಲೆ ಐ, ಸ್ವಲ್ಪ ಬಿಟ್ಟು ಹಾವು. ಬಿಡುವು ದಿನದಿನಕ್ಕೆ ಚಿಕ್ಕದಾಗುತ್ತಾ ಹೋಯಿತು. ಇದಕ್ಕೆ ಲಂಡನ್ ಉಚ್ಚಾರಣೆ ಬೇಕಾಗಲಿಲ್ಲ, ಮಗುವಿನ ನಾಲಿಗೆ ಏನು ಮಾಡುತ್ತಿದೆ ಅಂತ ನೋಡುವ ಕಣ್ಣು ಬೇಕಿತ್ತು.

ನೀವು ಮಕ್ಕಳಿಗೆ ಅನ್ಯಾಯ ಮಾಡುತ್ತಿಲ್ಲ ಮೇಡಂ. ಆದರೆ ನಿಮ್ಮ ಉಚ್ಚಾರಣೆಯ ಮೇಲೆ ಕೆಲಸ ಮಾಡಬೇಕು, ಅದರಲ್ಲಿ ವಿನಾಯಿತಿ ಇಲ್ಲ. ವ ಮತ್ತು ಡಬ್ಲ್ಯೂ ಬೇರೆ ಮಾಡಿ, ಜ ಮತ್ತು ಝಡ್ ಬೇರೆ ಮಾಡಿ. ನಾಲ್ಕು ವರ್ಷದ ಮಗು ನಿಮ್ಮ ಬಾಯಿಂದ ಬಂದದ್ದನ್ನು ಹಾಗೇ ತೆಗೆದುಕೊಳ್ಳುತ್ತೆ.

ಸುಖುಮ್ವಿತ್ ಅಮ್ಮ

ನಾನು ಬ್ಯಾಂಕಾಕ್‌ನಲ್ಲಿರುವ ಕನ್ನಡದ ತಾಯಿ. ಪೋಷಕರ ಕಡೆಯಿಂದ ಒಂದು ಮಾತು, ಸ್ವಲ್ಪ ಖಾರ ಇದ್ದರೂ ಬೇಸರ ಮಾಡಿಕೊಳ್ಳಬೇಡಿ.

ಇಲ್ಲಿ ಶಾಲೆಗಳಲ್ಲಿ ಇಂಗ್ಲಿಷ್ ಪ್ರೋಗ್ರಾಂ, ಮಿನಿ ಇಂಗ್ಲಿಷ್ ಪ್ರೋಗ್ರಾಂ ಅಂತ ಇರುತ್ತೆ. ಮಾಮೂಲಿ ಕ್ಲಾಸಿಗಿಂತ ಫೀಸು ಎಷ್ಟೋ ಪಟ್ಟು ಜಾಸ್ತಿ. ಅಷ್ಟು ದುಡ್ಡು ಕಟ್ಟಿದವರು ನೇಟಿವ್ ಟೀಚರ್ ಬೇಕು ಅಂತಾರೆ, ಮತ್ತು ಅವರ ಮನಸ್ಸಿನಲ್ಲಿ ನೇಟಿವ್ ಅಂದರೆ ಬಿಳಿ ಬಣ್ಣ. ನನ್ನ ಮಗನ ಶಾಲೆಯಲ್ಲಿ ಒಬ್ಬ ಭಾರತೀಯ ಟೀಚರ್ ಬರುತ್ತಾರೆ ಅಂದಾಗ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಏನೆಲ್ಲ ಬರೆದರು ಅಂತ ಇಲ್ಲಿ ಹೇಳಲು ಮನಸ್ಸಿಲ್ಲ. ಭಾರತೀಯ ತಾಯಂದಿರೂ ಅದರಲ್ಲಿ ಸೇರಿಕೊಂಡಿದ್ದರು, ನನಗೆ ಅದೇ ನೋವಾಗಿದ್ದು. ಮುಖ್ಯೋಪಾಧ್ಯಾಯಿನಿ ಬಗ್ಗಲಿಲ್ಲ, ಒಂದು ಟರ್ಮ್ ನೋಡಿ ಅಂದರು. ಟರ್ಮ್ ಮುಗಿಯುವಾಗ ಯಾರೂ ಬಾಯಿ ತೆರೆಯಲಿಲ್ಲ.

ನನ್ನ ಮಗನಿಗೆ ಓದುವುದನ್ನು ಕಲಿಸಿದ್ದು ಫಿಲಿಪ್ಪೀನ್ಸ್‌ನ ಟೀಚರ್. ಅವರಷ್ಟು ತಾಳ್ಮೆ ನನಗೇ ಇಲ್ಲ. ಅವರಿಗೆ ಸಿಗುತ್ತಿದ್ದ ಸಂಬಳ ಪಕ್ಕದ ಕ್ಲಾಸಿನ ಬಿಳಿ ಟೀಚರ್ ಸಂಬಳಕ್ಕಿಂತ ತುಂಬಾ ಕಡಿಮೆ ಅಂತ ಆಮೇಲೆ ಗೊತ್ತಾಯಿತು. ಇದು ಗೊತ್ತಿದ್ದೇ ಬನ್ನಿ. ಬಂದ ಮೇಲೆ ಗೊತ್ತಾದರೆ ಮನಸ್ಸು ಮುರಿಯುತ್ತೆ.

ತುಂಗಾತೀರ

ನೀವೆಲ್ಲ ಇಷ್ಟು ಸಮಯ ಕೊಟ್ಟು ಬರೆಯುತ್ತಿದ್ದೀರಿ, ಹೇಗೆ ಧನ್ಯವಾದ ಹೇಳಲಿ ಗೊತ್ತಿಲ್ಲ. ಇನ್ನೊಂದು ಕೇಳಲಾ? ನಮ್ಮಲ್ಲಿ ಎಲ್‌ಕೆಜಿ ಅಂದರೆ ಸ್ಟ್ಯಾಂಡಿಂಗ್ ಲೈನ್, ಸ್ಲೀಪಿಂಗ್ ಲೈನ್‌ನಿಂದ ಶುರು. ಆಮೇಲೆ ದೊಡ್ಡ ಎಬಿಸಿಡಿ, ಆಮೇಲೆ ಚಿಕ್ಕ ಎಬಿಸಿಡಿ, ದಿನಾ ಒಂದು ಪುಟ ಹೋಂವರ್ಕ್. ಪುಸ್ತಕದಲ್ಲಿ ಬರವಣಿಗೆ ಕಾಣದಿದ್ದರೆ ಪೋಷಕರು ಕೇಳುತ್ತಾರೆ. ಅಲ್ಲೂ ಹಾಗೇನಾ? ಮತ್ತೆ ಮಾತೇ ಆಡದ ಮಕ್ಕಳನ್ನು ಏನು ಮಾಡುತ್ತೀರಿ? ನಾನು ಈಗ ಕನ್ನಡದಲ್ಲಿ ಸಮಾಧಾನ ಮಾಡುತ್ತೇನೆ, ಅಲ್ಲಿ ನನಗೆ ಥಾಯ್ ಬರುವುದಿಲ್ಲವಲ್ಲ.

ಪಾಠದ ಮನೆ

ನಾನು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಇಂಗ್ಲಿಷ್ ತರಬೇತಿ ಕೊಡುತ್ತಿದ್ದವನು, ಈಗ ನಿವೃತ್ತ. ತಾಯೀ, ನಿಮ್ಮ ಈ ಪ್ರಶ್ನೆಗೆ ಉತ್ತರ ಕೊಡದೆ ಇರಲಾರೆ.

ಮಾತಾಡದ ಮಗು ಕಲಿಯುತ್ತಿಲ್ಲ ಅಂತ ತಿಳಿಯಬೇಡಿ. ಹೊಸ ಭಾಷೆಯೊಳಗೆ ಬಿದ್ದ ಮಗು ಮೊದಲು ಬರೀ ಕೇಳಿಸಿಕೊಳ್ಳುತ್ತದೆ. ವಾರಗಟ್ಟಲೆ, ಕೆಲವು ಮಕ್ಕಳು ತಿಂಗಳುಗಟ್ಟಲೆ. ಆ ಹೊತ್ತಿನಲ್ಲಿ "ಹೇಳು, ಹೇಳು" ಅಂತ ಎದ್ದು ನಿಲ್ಲಿಸಿದರೆ ಮಗು ಇನ್ನೂ ಮುದುಡುತ್ತದೆ. ಅಮೆರಿಕದ ಜೇಮ್ಸ್ ಆಶರ್ ಅನ್ನುವ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲೇ ಇದಕ್ಕೊಂದು ವಿಧಾನ ಕೊಟ್ಟರು. ಟೀಚರ್ ಹೇಳುತ್ತಾ ಮಾಡಬೇಕು, ಮಕ್ಕಳು ಬಾಯಿ ಬಿಡದೆ ಮಾಡಬೇಕು. ನಿಲ್ಲು, ಕೂರು, ಮೂಗು ಮುಟ್ಟು, ಬಾಗಿಲ ತನಕ ನಡೆ. ಮಗು ಅರ್ಥ ಮಾಡಿಕೊಂಡಿದೆಯೋ ಇಲ್ಲವೋ ಮೈ ಹೇಳುತ್ತದೆ. ಟೀಚರಿಗೆ ಥಾಯ್ ಬಾರದೇ ಇದ್ದರೂ ಈ ಪಾಠ ನಡೆಯುತ್ತದೆ. ನಮ್ಮ ನಲಿ-ಕಲಿ ನೆನಪು ಮಾಡಿಕೊಳ್ಳಿ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿದ್ದು. ನೆಲದ ಮೇಲೆ ಕೂತು, ಹಾಡಿ, ಕಾರ್ಡು ಹಿಡಿದು, ತನ್ನ ವೇಗದಲ್ಲಿ ಕಲಿಯುವುದು. ಅದರಲ್ಲಿ ಪಳಗಿದ ಟೀಚರಿಗೆ ಯಾವ ದೇಶದ ನರ್ಸರಿಯೂ ಹೊಸದಲ್ಲ.

ಇನ್ನೊಂದು. ಬೇಗ ಶುರು ಮಾಡಿದರೆ ಭಾಷೆ ತಾನಾಗಿ ಬರುತ್ತದೆ ಅನ್ನುವ ನಂಬಿಕೆ ಎಲ್ಲ ದೇಶದ ಸರ್ಕಾರಗಳಿಗೂ ಹಿಡಿದಿದೆ. ಚೀನಾ 2001ರಲ್ಲಿ ಮೂರನೇ ತರಗತಿಯಿಂದ ಅಂದಿತು. ನಮ್ಮ ಕರ್ನಾಟಕ 2007-08ರಿಂದ ಒಂದನೇ ತರಗತಿಯಿಂದ ಅಂದಿತು. ಜಪಾನ್ 2020ರಿಂದ ಮೂರನೇ ತರಗತಿಗೆ ಇಳಿಸಿತು. ವಿಯೆಟ್ನಾಂ 2022ರಿಂದ ಮೂರನೇ ತರಗತಿಗೆ ಕಡ್ಡಾಯ ಮಾಡಿತು. ಆದರೆ ಸ್ಪೇನಿನ ಬಾರ್ಸಿಲೋನಾದಲ್ಲಿ ಕಾರ್ಮೆನ್ ಮುನ್ಯೋಸ್ ಮತ್ತು ಅವರ ತಂಡ ವರ್ಷಗಟ್ಟಲೆ ಮಕ್ಕಳನ್ನು ಗಮನಿಸಿ ಕಂಡುಕೊಂಡದ್ದು ಏನು? ಅಷ್ಟೇ ಗಂಟೆಗಳ ಪಾಠ ಕೊಟ್ಟಾಗ 8ನೇ ವಯಸ್ಸಿಗೆ ಶುರು ಮಾಡಿದವರಿಗಿಂತ 11ನೇ ವಯಸ್ಸಿಗೆ ಶುರು ಮಾಡಿದವರೇ ಬೇಗ ಮುಂದೆ ಹೋದರು. ವಾರಕ್ಕೆ ಎರಡು ಮೂರು ಗಂಟೆಯ ಪಾಠದಲ್ಲಿ ಚಿಕ್ಕ ವಯಸ್ಸಿನ ಅನುಕೂಲ ಕೈಗೆ ಸಿಗುವುದಿಲ್ಲ.

ಹಾಗಾದರೆ ನಾಲ್ಕು ವರ್ಷದ ಮಗುವಿಗೆ ಏನು ಕೊಡಬೇಕು? ಕಿವಿಗೆ ಒಳ್ಳೆಯ ಇಂಗ್ಲಿಷ್, ಮನಸ್ಸಿಗೆ ಭಯವಿಲ್ಲದಿರುವುದು. ಬರವಣಿಗೆಯ ಪುಟಗಳನ್ನು ಆಮೇಲೆ ನೋಡಿಕೊಳ್ಳಬಹುದು.

ಸುಖುಮ್ವಿತ್ ಅಮ್ಮ

ಸರ್, ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಇಲ್ಲಿನ ಒಳ್ಳೆಯ ಶಾಲೆಗಳಿಗೆ ಒಂದನೇ ತರಗತಿಗೆ ಸೇರಬೇಕಾದರೆ ಪ್ರವೇಶ ಪರೀಕ್ಷೆ ಬರೆಯಬೇಕು. ಬರವಣಿಗೆ ಆಮೇಲೆ ಅಂತ ಕೂತರೆ ನಮ್ಮ ಮಕ್ಕಳು ಹೊರಗೇ ಉಳಿಯುತ್ತಾರೆ. ತಾಯಂದಿರು ಸುಮ್ನೆ ಪೀಡಿಸುವುದಿಲ್ಲ.

ಪಾಠದ ಮನೆ

ಒಪ್ಪಿದೆ ತಾಯೀ. ಪರೀಕ್ಷೆ ಇಟ್ಟವರದು ತಪ್ಪು, ನಿಮ್ಮದಲ್ಲ. ಆದರೂ ಮೂರು ವರ್ಷದ ಕೈಗೆ ಪೆನ್ಸಿಲ್ ಕೊಟ್ಟು ಸಾಲು ತುಂಬಿಸುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಐದು ದಾಟಲಿ.

ಚಿಯಾಂಗ್‌ಮಾಯ್ ಟೀಚರ್

ಇಬ್ಬರ ಮಾತೂ ಇಲ್ಲಿ ದಿನಾ ನಡೆಯುವ ಜಗಳವೇ. ತುಂಗಾತೀರ ಅವರೇ, ಇಲ್ಲಿನ ಮಕ್ಕಳು ಅದೇ ಹೊತ್ತಿಗೆ ತಮ್ಮ 44 ವ್ಯಂಜನಗಳನ್ನು ಕಲಿಯುತ್ತಿರುತ್ತಾರೆ. ನಮ್ಮ ಕ ಖ ಗ ಘ ಕ್ರಮದ್ದೇ ನೆಂಟಸ್ತಿಕೆ, ಕೇಳಿದರೆ ನಿಮಗೆ ಗೊತ್ತಾಗುತ್ತೆ. ಅದರಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಅಂತ ಇಲ್ಲ, ಪದಗಳ ಮಧ್ಯೆ ಜಾಗ ಬಿಡುವುದೂ ಇಲ್ಲ. ಆ ಭಾರದ ಮೇಲೆ ಒಂದೇ ಸಲ 26 ದೊಡ್ಡವು, 26 ಚಿಕ್ಕವು ಹೇರಿದರೆ ಮಗು ಸುಸ್ತಾಗುತ್ತೆ. ನಾನು ಅಕ್ಷರದ ಸದ್ದುಗಳ ಮೂಲಕ ಓದು ಕಲಿಸುವ ಜಾಲಿ ಫೋನಿಕ್ಸ್ ಕ್ರಮದಲ್ಲಿ ಎಸ್, ಎ, ಟಿ, ಐ, ಪಿ, ಎನ್ ಸದ್ದುಗಳಿಂದ ಶುರು ಮಾಡುತ್ತೇನೆ. ಮರಳಿನ ತಟ್ಟೆಯಲ್ಲಿ ಬೆರಳಲ್ಲಿ ಬರೆಯುವುದು. ಪೋಷಕರಿಗೆ ತೋರಿಸಲು ವಾರಕ್ಕೊಂದು ಹಾಳೆ. ಹೀಗೆ ಎರಡೂ ಕಡೆ ನಡೆಯುತ್ತೆ.

ಮಾತಾಡದ ಮಗುವಿನ ಬಗ್ಗೆ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಮೇ ತಿಂಗಳಲ್ಲಿ ಸೇರಿದ ಒಂದು ಹುಡುಗಿ ಮೊದಲ ಟರ್ಮ್ ಪೂರ್ತಿ ನನ್ನ ಹತ್ತಿರ ಒಂದು ಪದ ಆಡಲಿಲ್ಲ. ಆದರೆ ಹಾಡಿಗೆ ಎಲ್ಲರಿಗಿಂತ ಮೊದಲು ಅವಳ ಕೈ ಮೇಲೇಳುತ್ತಿತ್ತು. ಕೆಂಪು ಬ್ಲಾಕ್ ಕೊಡು ಅಂದರೆ ಕೆಂಪನ್ನೇ ತರುತ್ತಿದ್ದಳು. ಅವಳಿಗೆ ಎಲ್ಲಾ ಗೊತ್ತಿತ್ತು. ನವೆಂಬರಿನಲ್ಲಿ ಒಂದು ದಿನ ಹಾಲಿನ ಪೊಟ್ಟಣ ಹಿಡಿದುಕೊಂಡು ನನ್ನ ಹತ್ತಿರ ಬಂದು "ಟೀಚರ್, ಓಪನ್ ಇಟ್ ಪ್ಲೀಸ್" ಅಂದಳು. ನೇರವಾಗಿ ಪೂರ್ತಿ ವಾಕ್ಯ. ಥಾಯ್ ಟೀಚರ್ ಮತ್ತೆ ನಾನು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಹೊಗಳಿ ಗದ್ದಲ ಮಾಡಲಿಲ್ಲ, ಪೊಟ್ಟಣ ತೆಗೆದುಕೊಟ್ಟೆ ಅಷ್ಟೇ. ಗದ್ದಲ ಮಾಡಿದರೆ ಇಂಥ ಮಕ್ಕಳು ಮತ್ತೆ ಒಳಗೆ ಹೋಗಿಬಿಡುತ್ತಾರೆ.

ಇನ್ನೊಂದು ಮುಖ್ಯ ವಿಷಯ. ನಮ್ಮಲ್ಲಿ ಪ್ರೀತಿ ಬಂದರೆ ಮಗುವಿನ ತಲೆ ಸವರುತ್ತೇವೆ. ಇಲ್ಲಿ ತಲೆ ಪವಿತ್ರ, ಪರಿಚಯ ಇಲ್ಲದವರು ಮುಟ್ಟುವುದು ಮರ್ಯಾದೆ ಅಲ್ಲ. ಕಾಲು ಚಾಚಿ ಯಾರ ಕಡೆಗೂ ತೋರಿಸಬಾರದು. ನೆಲದ ಮೇಲೆ ಕೂತು ಪಾಠ ಮಾಡುವಾಗ ಇದು ಸದಾ ಗಮನದಲ್ಲಿರಲಿ.

ಡಲ್ಲಾಸ್ ಅಕ್ಕ

ನಾನು ಅಮೆರಿಕದಿಂದ ಚೀನಾದ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಪಾಠ ಮಾಡುತ್ತಿದ್ದೆ. ಅಲ್ಲಿ ಸಂಜೆ ಅಂದರೆ ನಮಗೆ ಬೆಳಗಿನ ಜಾವ. ಮನೆಯವರೆಲ್ಲ ಮಲಗಿದ್ದಾಗ ಅಡುಗೆ ಮನೆಯಲ್ಲಿ ಕೂತು, ಕೈಗೊಂಬೆ ಹಿಡಿದು, ಐದು ವರ್ಷದ ಮಕ್ಕಳ ಜೊತೆ ಹಾಡುತ್ತಿದ್ದೆ. ಸಂಪಾದನೆಯೂ ಚೆನ್ನಾಗಿತ್ತು. 2021ರ ಜುಲೈನಲ್ಲಿ ಚೀನಾ ಸರ್ಕಾರ ಮಕ್ಕಳ ಟ್ಯೂಷನ್ ಹೊರೆ ಇಳಿಸುವ ಹೊಸ ನಿಯಮ ತಂತು, ಹೊರದೇಶದಲ್ಲಿ ಕೂತ ಟೀಚರ್‌ಗಳು ಅಲ್ಲಿನ ಮಕ್ಕಳಿಗೆ ಪಾಠ ಮಾಡುವ ಹಾಗಿಲ್ಲ ಅಂತಾಯಿತು. ಕೆಲವೇ ತಿಂಗಳಲ್ಲಿ ನನ್ನ ಕ್ಲಾಸುಗಳೆಲ್ಲ ಖಾಲಿ. ಕೆಲವು ಮಕ್ಕಳಿಗೆ ಹೋಗಿಬರುತ್ತೇನೆ ಅಂತ ಹೇಳುವುದಕ್ಕೂ ಆಗಲಿಲ್ಲ, ಅದು ಇವತ್ತಿಗೂ ಕೊರೆಯುತ್ತೆ.

ಹಾಗಾಗಿ ತಂಗಿ, ಶಿವಮೊಗ್ಗದ ಕೆಲಸಕ್ಕೆ ಒಮ್ಮೆಲೇ ರಾಜೀನಾಮೆ ಕೊಡಬೇಡ. ಆಗುವುದಾದರೆ ರಜೆ ತಗೊಂಡು ಹೋಗು. ಹೊರದೇಶದ ಇಂಗ್ಲಿಷ್ ಕೆಲಸ ಆ ದೇಶದ ಒಂದು ಆದೇಶದ ಮೇಲೆ ನಿಂತಿರುತ್ತೆ.

ತುಂಗಾತೀರ

ಅಕ್ಕ, ಖಂಡಿತ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ನಿನ್ನೆ ಏಜೆಂಟಿಗೆ ಫೋನ್ ಮಾಡಿ ಶಾಲೆಯ ಹೆಸರು, ಕರಾರಿನ ಪ್ರತಿ, ನೋಂದಣಿ ಸಂಖ್ಯೆ ಮೂರೂ ಕೊಡಿ ಅಂದೆ. ಕಳಿಸುತ್ತೇನೆ ಅಂದರು. ಇವತ್ತು ಬೆಳಿಗ್ಗೆಯಿಂದ ಫೋನ್ ಎತ್ತುತ್ತಿಲ್ಲ. ಆ ವಿಷಯ ಅಲ್ಲಿಗೆ ಮುಗಿಯಿತು.

ನೇರವಾಗಿ ಶಾಲೆಗಳಿಗೇ ಅರ್ಜಿ ಹಾಕೋಣ ಅಂತಿದ್ದೇನೆ. ಮೊದಲು ಏನು ಮಾಡಲಿ? ಕರಾರಿನಲ್ಲಿ ಏನು ನೋಡಲಿ?

ಚಿಯಾಂಗ್‌ಮಾಯ್ ಟೀಚರ್

ಒಳ್ಳೆಯದಾಯಿತು ಮೇಡಂ. 120 ಗಂಟೆಯ ಟೆಫಲ್ ಕೋರ್ಸ್, ಅಂದರೆ ಇಂಗ್ಲಿಷ್ ಕಲಿಸುವವರ ತರಬೇತಿ, ಬಹಳ ಶಾಲೆಗಳು ಕೇಳುತ್ತವೆ, ಆದರೆ ಬರೀ ಆನ್‌ಲೈನ್ ಸರ್ಟಿಫಿಕೇಟ್ ಕೊಂಡುಕೊಳ್ಳಬೇಡಿ, ನಿಜವಾದ ಮಕ್ಕಳ ಮುಂದೆ ಪಾಠ ಮಾಡಿಸಿ ನೋಡುವ ಕೋರ್ಸ್ ಆದರೆ ಉಪಯೋಗ. ಅಷ್ಟರಲ್ಲಿ ನಿಮ್ಮ ಎಲ್‌ಕೆಜಿ ಕ್ಲಾಸಿನಲ್ಲಿ, ಪೋಷಕರ ಒಪ್ಪಿಗೆ ಪಡೆದು, ಹತ್ತು ನಿಮಿಷದ ಪಾಠವನ್ನು ವಿಡಿಯೋ ಮಾಡಿಟ್ಟುಕೊಳ್ಳಿ. ನನ್ನನ್ನು ತೆಗೆದುಕೊಂಡಿದ್ದು ಅದನ್ನು ನೋಡಿಯೇ, ಅರ್ಜಿಯನ್ನು ಯಾರೂ ಪೂರ್ತಿ ಓದಿರಲಿಲ್ಲ.

ಕರಾರಿನಲ್ಲಿ ಮೊದಲು 12 ತಿಂಗಳೋ 10 ತಿಂಗಳೋ ನೋಡಿ. 10 ತಿಂಗಳಾದರೆ ಬೇಸಿಗೆ ರಜೆಗೆ ಸಂಬಳ ಇಲ್ಲ. ವೀಸಾ ಮತ್ತು ವರ್ಕ್ ಪರ್ಮಿಟ್ ಖರ್ಚು ಯಾರದು ಅಂತ ಬರೆದಿರಲಿ. ಅದೇ ಕೆಲಸಕ್ಕೆ ಬೇರೆಯವರಿಗೆ ಎಷ್ಟು ಕೊಡುತ್ತೀರಿ ಅಂತ ನಾಚಿಕೆ ಇಲ್ಲದೆ ಕೇಳಿ. ಸಮಾನ ಕೊಡದಿರಬಹುದು, ಆದರೆ ಕೇಳಿದವರಿಗೆ ಸ್ವಲ್ಪವಾದರೂ ಏರಿಸುತ್ತಾರೆ. ಬಂದ ಮೇಲೆ 90 ದಿನಕ್ಕೊಮ್ಮೆ ಇಮಿಗ್ರೇಷನ್‌ಗೆ ವಿಳಾಸ ತಿಳಿಸಬೇಕು. ಊರಿಗೆ ಮದುವೆಗೋ ಹಬ್ಬಕ್ಕೋ ಬರುವಾಗ ರೀ-ಎಂಟ್ರಿ ಪರ್ಮಿಟ್ ಮಾಡಿಸದೆ ವಿಮಾನ ಹತ್ತಬೇಡಿ, ಇದ್ದ ಅನುಮತಿಯೇ ರದ್ದಾಗಿ ಎಲ್ಲಾ ಮೊದಲಿಂದ ಶುರು ಮಾಡಬೇಕಾಗುತ್ತೆ. ನನ್ನ ಗೆಳತಿಗೆ ಹಾಗೇ ಆಯಿತು.

ಡಿಗ್ರಿ ಪತ್ರಗಳಿಗೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಇಲಾಖೆ, ಕೊನೆಗೆ ಥಾಯ್ ದೂತಾವಾಸ. ಕರ್ನಾಟಕದವರಿಗೆ ಚೆನ್ನೈನಲ್ಲಿದೆ. ಈ ಕ್ರಮ ಹಿಂದುಮುಂದು ಆಗುವ ಹಾಗಿಲ್ಲ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಸಿಗುತ್ತೆ, ಅದನ್ನು ಮಾತ್ರ ಕೊನೆಗೆ ಮಾಡಿಸಿ, ಹಳೆಯದಾದರೆ ತೆಗೆದುಕೊಳ್ಳುವುದಿಲ್ಲ. ಟೋಯಿಕ್ ಅಂಕಕ್ಕೂ ಎರಡೇ ವರ್ಷದ ಆಯಸ್ಸು. ಶಾಲೆಗಳು ಮೇ ಮಧ್ಯದಲ್ಲಿ ಶುರುವಾಗುತ್ತವೆ, ಫೆಬ್ರವರಿ, ಮಾರ್ಚ್‌ನಲ್ಲಿ ಅರ್ಜಿ ಹಾಕಿದರೆ ಸರಿಹೋಗುತ್ತೆ. ವಿಡಿಯೋ ಮಾಡಿದ ಮೇಲೆ ನನಗೆ ಮೆಸೇಜ್ ಮಾಡಿ, ನೋಡಿ ಹೇಳುತ್ತೇನೆ.

ಪಾಠದ ಮನೆ

ವಿಡಿಯೋ ನನಗೂ ಕಳಿಸಿ ತಾಯೀ. ಉಚ್ಚಾರಣೆ ನಾನು ನೋಡಿಕೊಡುತ್ತೇನೆ. ಬೆಂಗಳೂರಿಗೆ ಬಂದರೆ ಜ್ಞಾನಭಾರತಿಯ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ಒಮ್ಮೆ ಹೋಗಿಬನ್ನಿ. 1963ರಿಂದ ಶಿಕ್ಷಕರಿಗೆ ತರಬೇತಿ ಕೊಡುತ್ತಿರುವ ಜಾಗ. ನಿಮಗೆ ಹೊಂದುವ ಕೋರ್ಸ್ ಈಗ ಇದೆಯಾ ಅಂತ ಅಲ್ಲೇ ವಿಚಾರಿಸಿ.

ತುಂಗಾತೀರ

ಖಂಡಿತ ಸರ್. ಸೋಮವಾರವೇ ಹೆಡ್ ಮೇಡಂ ಹತ್ತಿರ ಮಾತಾಡಿ, ಪೋಷಕರ ಒಪ್ಪಿಗೆ ತಗೊಂಡು ವಿಡಿಯೋ ಮಾಡುತ್ತೇನೆ. ಮೂಗು ಮುಟ್ಟು, ಬಾಗಿಲ ತನಕ ನಡೆ, ಅದನ್ನೇ ಮಾಡಿಸುತ್ತೇನೆ. ನನ್ನ ಕ್ಲಾಸಿನಲ್ಲೂ ಮಾತಾಡದ ಮೂವರಿದ್ದಾರೆ.